ನಷ್ಟದಿಂದ ಪಾಠ ಕಲಿತ ಸೇಠ್ ವಾಲಚಂದ ಹೀರಾಚಂದರು

ವಾಣಿಜ್ಯವೃತ್ತಿಯಲ್ಲಿ ಲಾಭ ಮತ್ತು ನಷ್ಟಗಳು ಒಂದೇ ತಕ್ಕಡಿಯ ಎರಡು ತಟ್ಟೆಗಳಾಗಿವೆ. ಲಾಭ ಬಂದಾಗ ಅದನ್ನು ತನ್ನ ಜಾಣ್ಮೆಯ ಫಲವೆಂದೂ, ನಷ್ಟ ಬಂದಾಗ ವಿಧಿಯ ಆಟವೆಂದೂ ಭಾವಿಸುವುದು ಲೋಕರೂಢಿ. ನಷ್ಟದ ಲೆಕ್ಕವನ್ನು ಮರಳಿ ಓದಿ, ತಪ್ಪಿದ್ದು ಎಲ್ಲಿ ಎಂದು ಕಂಡುಕೊಳ್ಳುವವರು ವಿರಳ. ಅಂತಹ ವಿರಳರಲ್ಲಿ ಸೇಠ್ ವಾಲಚಂದ ಹೀರಾಚಂದರು ಅಗ್ರಗಣ್ಯರು. ಹಲಸೂರು, ದೊಮ್ಮಲೂರು, ಇಂದಿರಾನಗರ, ಕೃಷ್ಣರಾಜಪುರಗಳ ಕಡೆಯ ನಮಗೆಲ್ಲ ಎಚ್.ಎ.ಎಲ್. ವಿಮಾನ ಕಾರ್ಖಾನೆಯ ಹೆಸರು ಮನೆಮಾತಾಗಿದೆ. ಆದರೆ ಅದಕ್ಕೆ ಅಡಿಗಲ್ಲನ್ನಿಟ್ಟವರು ಸೊಲ್ಲಾಪುರದ ಒಬ್ಬ ದಿಗಂಬರ ಜೈನ ವರ್ತಕರೆಂಬುದು ಎಷ್ಟೋ ಜನರಿಗೆ ತಿಳಿಯದು.

ವಾಲಚಂದರು 1882ನೆಯ ಇಸವಿ ನವೆಂಬರ್ 23ರಂದು ಸೊಲ್ಲಾಪುರದಲ್ಲಿ ಜನಿಸಿದರು. ಅವರ ಪೂರ್ವಜರು ಸೌರಾಷ್ಟ್ರದಿಂದ ಬಂದು ನೆಲೆಸಿದವರು; ಹತ್ತಿಯ ವ್ಯಾಪಾರ ಮತ್ತು ಲೇವಾದೇವಿ ಮನೆತನದ ಕಸುಬು. ಪದವಿ ವ್ಯಾಸಂಗವನ್ನು ಪೂರ್ಣಗೊಳಿಸದೆಯೇ ವ್ಯವಹಾರಕ್ಕೆ ಇಳಿದ ಈ ತರುಣನಿಗೆ ಆ ಕಸುಬು ರುಚಿಸಲಿಲ್ಲ. ರೈಲ್ವೆಯಲ್ಲಿ ಗುಮಾಸ್ತರಾಗಿದ್ದ ಲಕ್ಷ್ಮಣರಾವ್ ಫಾಟಕರೊಡನೆ ಪಾಲುದಾರಿಕೆ ಮಾಡಿಕೊಂಡು ರೈಲು ಮಾರ್ಗದ ಕಂಟ್ರಾಕ್ಟುಗಳನ್ನು ಹಿಡಿದರು. ಅದರಿಂದ ಹಣವೂ ಹೆಸರೂ ಬಂದವು.

ಬಳಿಕ ಅವರ ದೃಷ್ಟಿ ಸಮುದ್ರದತ್ತ ಹರಿಯಿತು. 1919ರಲ್ಲಿ ಗ್ವಾಲಿಯರ್ ಮಹಾರಾಜರ ಲಾಯಲ್ಟಿ ಎಂಬ ಹಡಗು ಮಾರಾಟಕ್ಕಿದ್ದ ಸಂಗತಿ ತಿಳಿದು, ನರೋತ್ತಮ ಮೊರಾರ್ಜಿ ಮೊದಲಾದವರೊಡನೆ ಸೇರಿ ಅದನ್ನು ಕೊಂಡರು. ಸಿಂಧಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿಯು ಹುಟ್ಟಿತು. ಅದೇ ವರ್ಷ ಏಪ್ರಿಲ್ 5ರಂದು ಲಾಯಲ್ಟಿಯು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಇಂದಿಗೂ ಆ ದಿನವನ್ನು ರಾಷ್ಟ್ರೀಯ ನೌಕಾಯಾನ ದಿನವೆಂದು ಆಚರಿಸಲಾಗುತ್ತಿದೆ.

ದೇಶಾಭಿಮಾನದ ದೃಷ್ಟಿಯಿಂದ ಅದು ಮಹತ್ಕಾರ್ಯವೇ ಸರಿ. ವ್ಯಾಪಾರದ ದೃಷ್ಟಿಯಿಂದ ಮಾತ್ರ ದೊಡ್ಡ ತಪ್ಪು. ಹಡಗು 1891ರಲ್ಲಿ ಕಟ್ಟಿದ ಹಳೆಯ ಸರಕು. ಯುರೋಪಿನ ದೂರ ಮಾರ್ಗದಲ್ಲಿ ಬಲಿಷ್ಠ ಬ್ರಿಟಿಷ್ ಕಂಪನಿಗಳ ಹಿಡಿತವಿತ್ತು. ಅವರು ಹಡಗನ್ನು ಮೊದಲು ಕೊಂಡು, ಅದಕ್ಕೆ ತಕ್ಕ ಕೆಲಸವನ್ನು ಅನಂತರ ಹುಡುಕಿದರು. ಅಂಗಡಿಯನ್ನು ಬಾಡಿಗೆಗೆ ಹಿಡಿದ ಮೇಲೆ ಗಿರಾಕಿ ಯಾರೆಂದು ಯೋಚಿಸಿದಂತಾಯಿತು. 1923ರಲ್ಲಿ ಲಾಯಲ್ಟಿಯು ಗುಜರಿಗೆ ಮಾರಾಟವಾಯಿತು.

ಇಲ್ಲಿಯೇ ಆ ಪುರುಷನ ಗುಣ ಗೋಚರಿಸುವುದು. ಹಡಗು ಹೋಯಿತೆಂದು ಅವರು ಕಂಪನಿಯನ್ನು ಮುಚ್ಚಲಿಲ್ಲ; ಹಟ ಹಿಡಿದು ಅದೇ ಮಾರ್ಗದಲ್ಲಿ ಇನ್ನಷ್ಟು ಹಣ ಸುರಿಯಲೂ ಇಲ್ಲ. ಕಂಪನಿಯು ನಮ್ಮದೇ ಕರಾವಳಿಯ ಮತ್ತು ಬರ್ಮಾ ದೇಶದ ಸರಕು ಸಾಗಣೆಯ ಕಡೆಗೆ ಗಮನ ಹರಿಸಿತು. ಎದುರಾಳಿಗಳು ಬಾಡಿಗೆ ದರವನ್ನು ಇಳಿಸಿ ಹಿಂಡಿದಾಗ, 1923ರಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿತು. ಹಡಗುಗಳ ಒಟ್ಟು ಪ್ರಮಾಣ 75,000 ಟನ್ನುಗಳನ್ನು ಮೀರಕೂಡದು, ಕರಾವಳಿಯಲ್ಲಿ ಪ್ರಯಾಣಿಕರನ್ನು ಒಯ್ಯಕೂಡದು ಎಂಬ ಕಟ್ಟುಗಳಿದ್ದ ಈ ಒಪ್ಪಂದದ ಅವಧಿ ಹತ್ತು ವರ್ಷ. ಇದು ಅವಮಾನಕರವೆಂದು ಟೀಕಿಸಿದವರುಂಟು. ಆದರೆ ಕಂಪನಿ ಉಳಿಯಿತು. ಉಳಿದುದರಿಂದಲೇ ಮುಂದೆ ಬೆಳೆಯಿತು.

ರಾವಳಗಾಂವದ ಕಥೆಯೂ ಇಂತಹುದೇ. 1923ರಲ್ಲಿ ಅಲ್ಲಿ ಸುಮಾರು 1,500 ಎಕರೆ ಬಂಜರು ಭೂಮಿಯನ್ನು ಕೊಂಡರು. ವರ್ಷಗಟ್ಟಲೆ ಬೇಸಾಯದಲ್ಲಿ ನಷ್ಟವೇ ಆಯಿತು. ಬೆಳೆ ಒಂದರಿಂದಲೇ ಭೂಮಿ ತನ್ನ ಖರ್ಚನ್ನು ಹೊರಲಾರದೆಂಬುದು ಅನುಭವದಿಂದ ತಿಳಿಯಿತು. 1932ರಲ್ಲಿ ದೇಶೀಯ ಸಕ್ಕರೆಗೆ ಸುಂಕದ ರಕ್ಷಣೆ ದೊರೆತಾಗ, 1933ರಲ್ಲಿ ಅಲ್ಲಿಯೇ ಸಕ್ಕರೆ ಕಾರ್ಖಾನೆಯನ್ನು ಸ್ಥಾಪಿಸಿದರು. ಹೊರೆಯಾಗಿದ್ದ ಭೂಮಿಯೇ ಕಾರ್ಖಾನೆಗೆ ಆಧಾರವಾಯಿತು.

ಸರ್ ಎಂ. ವಿಶ್ವೇಶ್ವರಯ್ಯನವರ ಮಾರ್ಗದರ್ಶನದಲ್ಲಿ ಬೆಂಗಳೂರಿನಲ್ಲಿ ಮೋಟಾರು ಕಾರ್ಖಾನೆ ತೆರೆಯಬೇಕೆಂಬ ಯತ್ನವೂ ನಡೆಯಿತು. ಮೈಸೂರು ಸಂಸ್ಥಾನಕ್ಕೆ ಮನಸ್ಸಿದ್ದರೂ ಭಾರತ ಸರ್ಕಾರದ ಬೆಂಬಲ ದೊರೆಯದೆ ಅದು ಕೈಗೂಡಲಿಲ್ಲ. ವಿಮಾನ ಕಾರ್ಖಾನೆಯ ಸಂದರ್ಭದಲ್ಲಿ ವ್ಯವಹಾರದ ಕ್ರಮವೇ ಬೇರೆಯಾಗಿರುವುದನ್ನು ವಾಚಕರು ಗಮನಿಸಬೇಕು. 1939ರಲ್ಲಿ ಅಮೆರಿಕಾ ಪ್ರಯಾಣದಲ್ಲಿ ಪರಿಚಯವಾದ ವಿಲಿಯಂ ಪಾಲಿಯವರಿಂದ ತಾಂತ್ರಿಕ ಸಹಾಯ, ಭಾರತ ಸರ್ಕಾರದಿಂದ ವಿಮಾನಗಳ ಆರ್ಡರು, ದಿವಾನ್ ಸರ್ ಮಿರ್ಜಾ ಇಸ್ಮಾಯಿಲರ ಔದಾರ್ಯದಿಂದ 700 ಎಕರೆ ಭೂಮಿ ಮತ್ತು ಸಂಸ್ಥಾನದ ಪಾಲುಬಂಡವಾಳ, ಇವೆಲ್ಲವನ್ನೂ ಕೂಡಿಸಿಕೊಂಡು ಹೆಜ್ಜೆಯಿಟ್ಟರು. ಲಾಯಲ್ಟಿಯ ಕಾಲದಲ್ಲಿ ಕೊನೆಗೆ ಬಂದ ಪ್ರಶ್ನೆಗಳು ಇಲ್ಲಿ ಮೊದಲೇ ಉತ್ತರ ಪಡೆದವು.

1940ನೆಯ ಡಿಸೆಂಬರ್ 23ರಂದು ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿಯು ಬೆಂಗಳೂರಿನಲ್ಲಿ ನೋಂದಣಿಯಾಯಿತು. ದೊಮ್ಮಲೂರು ರಸ್ತೆಯ ಈವನ್‌ಟೈಡ್ ಎಂಬ ಬಂಗಲೆಯಲ್ಲಿ ಮೊದಲ ಕಚೇರಿ ತೆರೆಯಿತು. 1941ರ ಆಗಸ್ಟ್ ತಿಂಗಳಲ್ಲಿ ಇಲ್ಲಿ ಜೋಡಿಸಿದ ಹಾರ್ಲೊ ತರಬೇತಿ ವಿಮಾನ ಆಕಾಶಕ್ಕೇರಿತು. ಅಷ್ಟರಲ್ಲಿ ಭಾರತ ಸರ್ಕಾರವೂ ಪಾಲುದಾರನಾಗಿ, ವಾಲಚಂದರು, ಮೈಸೂರು ಮತ್ತು ಸರ್ಕಾರ ತಲಾ 25 ಲಕ್ಷ ರೂಪಾಯಿ ತೊಡಗಿಸಿದಂತಾಗಿತ್ತು.

ಆದರೆ ಸರ್ಕಾರವೊಂದೇ ಗಿರಾಕಿಯಾದ ಉದ್ಯಮಕ್ಕೆ ತನ್ನದೇ ಆದ ಅಪಾಯವಿದೆ. ಜಪಾನು ಯುದ್ಧಕ್ಕಿಳಿದ ಮೇಲೆ ಸರ್ಕಾರ ಕಾರ್ಖಾನೆಯನ್ನು ತನ್ನ ವಶದಲ್ಲಿಡಲು ಬಯಸಿತು. 1942ರ ಏಪ್ರಿಲಿನಲ್ಲಿ ವಾಲಚಂದರ ಪಾಲನ್ನು 55 ಲಕ್ಷ ರೂಪಾಯಿ ಕೊಟ್ಟು ಕೊಂಡಿತು. ಹಾಕಿದ ಹಣ ಇಮ್ಮಡಿಗಿಂತ ಹೆಚ್ಚಾಗಿ ಬಂದರೂ, ಕಟ್ಟಿದ ಕಾರ್ಖಾನೆ ಕೈಬಿಟ್ಟಿತು. ಬರಿಯ ಜಮಾ ಖರ್ಚಿನಿಂದ ಅಳೆಯಲಾಗದ ನಷ್ಟವಿದು. ಆದರೂ ಅವರು ಕೈಕಟ್ಟಿ ಕೂರಲಿಲ್ಲ. 1944ರಲ್ಲಿ ಮುಂಬಯಿಯ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪನೆಯಾಯಿತು. 1941ರಲ್ಲಿ ಶಂಕುಸ್ಥಾಪನೆಗೊಂಡಿದ್ದ ವಿಶಾಖಪಟ್ಟಣದ ನೌಕಾಂಗಣದಿಂದ 1948ರಲ್ಲಿ ಜಲಉಷಾ ಹಡಗು ನೀರಿಗಿಳಿಯಿತು.

1953ನೆಯ ಏಪ್ರಿಲ್ 8ರಂದು ವಾಲಚಂದರು ದಿವಂಗತರಾದರು. ಅವರು ಬಿಟ್ಟುಕೊಟ್ಟ ಕಾರ್ಖಾನೆಯು 1964ರಲ್ಲಿ ಹಿಂದೂಸ್ಥಾನ್ ಏರೋನಾಟಿಕ್ಸ್ ಆಗಿ, ನಮ್ಮ ಈ ಪೂರ್ವ ಭಾಗದ ಸಾವಿರಾರು ಮನೆಗಳಿಗೆ ಅನ್ನವನ್ನಿತ್ತಿದೆ. ಆ ಮನೆಗಳಿಂದ ಇಲ್ಲಿನ ಎಷ್ಟೋ ಅಂಗಡಿಗಳೂ ಬಾಳಿವೆ. ತಪ್ಪೇ ಮಾಡದ ವರ್ತಕನಿಲ್ಲ. ಮಾಡಿದ ತಪ್ಪನ್ನು ಮರೆಮಾಡದೆ ಅರಿತು, ಮುಂದಿನ ಕಾರ್ಯದಲ್ಲಿ ತಿದ್ದಿಕೊಳ್ಳುವವನೇ ನಿಜವಾದ ವಣಿಜನು. ನಮ್ಮ ತರುಣ ವರ್ತಕರು ವಾಲಚಂದರ ಲಾಭವನ್ನಷ್ಟೇ ನೋಡದೆ, ಅವರ ನಷ್ಟದ ಪುಟಗಳನ್ನೂ ತಾಳ್ಮೆಯಿಂದ ಓದಲಿ ಎಂಬುದೇ ಈ ಶುಭ ಸಂದರ್ಭದ ನಮ್ಮ ಹಾರೈಕೆ.