ರಾಶಿ ಮತ್ತು ಅವರ 'ಕೊರವಂಜಿ'

ಕೊರವಂಜಿಯೆಂದರೆ ಬುಟ್ಟಿ ಹೊತ್ತು ಮನೆಮನೆಗೆ ಹೋಗಿ ಕಣಿ ಹೇಳುವವಳು. ಕೈ ಅರಸನದಾಗಲಿ ಆಳಿನದಾಗಲಿ, ಹಿಡಿದು ನೋಡಿ ಕಂಡದ್ದನ್ನು ಕಂಡಂತೆ ನುಡಿಯುವುದು ಅವಳ ಕಸುಬು. 1942ರಲ್ಲಿ ಬೆಂಗಳೂರಿನಲ್ಲಿ ಹಾಸ್ಯಕ್ಕೇ ಮೀಸಲಾದ ಮಾಸಪತ್ರಿಕೆಯೊಂದು ಹೊರಟಾಗ ಅದು ಈ ಹೆಸರನ್ನೇ ಧರಿಸಿತು. ಅದನ್ನು ಹೊರಡಿಸಿದವರು ಒಬ್ಬ ವೈದ್ಯರು, ಡಾಕ್ಟರ್ ಎಂ. ಶಿವರಾಂ.

1905ರಲ್ಲಿ ಜನಿಸಿದ ಶಿವರಾಂ ಅವರು ತಮ್ಮ ಹೆಸರಿನ ಅಕ್ಷರಗಳನ್ನು ಹಿಂದುಮುಂದು ಮಾಡಿ 'ರಾಶಿ' ಎಂಬ ಕಾವ್ಯನಾಮವನ್ನು ಇಟ್ಟುಕೊಂಡರು. ಕಣಿ ಹೇಳುವ ಪತ್ರಿಕೆಯ ಸಂಪಾದಕರಿಗೆ ಇದಕ್ಕಿಂತ ಒಪ್ಪುವ ಹೆಸರು ಉಂಟೆ!

ಆ ಕಾಲದಲ್ಲಿ ವ್ಯಂಗ್ಯಚಿತ್ರವನ್ನು ಅಚ್ಚು ಹಾಕುವುದು ಸುಲಭವಾಗಿರಲಿಲ್ಲ. ಚಿತ್ರದ ಛಾಯೆಯನ್ನು ಸತುವಿನ ತಗಡಿನ ಮೇಲೆ ಇಳಿಸಿ, ಆಮ್ಲದಿಂದ ಬರಿಯ ಭಾಗವನ್ನು ಕೊರೆಯಬೇಕು. ಗೆರೆಗಳು ಮಾತ್ರ ಉಬ್ಬಿ ನಿಲ್ಲಬೇಕು. ಆ ತಗಡನ್ನು ಮರದ ತುಂಡಿಗೆ ಬಡಿದು ಅಚ್ಚುಮೊಳೆಗಳ ನಡುವೆ ಕೂರಿಸಿದ ಮೇಲೆಯೇ ಒಂದು ನಗೆ ಕಾಗದಕ್ಕೆ ಇಳಿಯುವುದು. ಪ್ರತಿಯೊಂದು ಚಿತ್ರಕ್ಕೂ ಪ್ರತ್ಯೇಕ ವೆಚ್ಚ. ಸಾಲದುದಕ್ಕೆ ಎರಡನೆಯ ಮಹಾಯುದ್ಧದ ದಿನಗಳು, ಕಾಗದಕ್ಕೂ ಅಭಾವ.

ಆದರೂ ರಾಶಿಯವರು ಚಿತ್ರಗಳನ್ನು ಬಿಡಲಿಲ್ಲ. ಮೈಸೂರಿನ ತರುಣ ಆರ್. ಕೆ. ಲಕ್ಷ್ಮಣ್ ಅವರ ಗೆರೆಗಳಿಗೆ 'ಕೊರವಂಜಿ' ಸ್ಥಳ ನೀಡಿತು. ಮುಂಬಯಿಯ ಪ್ರಸಿದ್ಧ ಜೆ. ಜೆ. ಕಲಾಶಾಲೆ ಪ್ರತಿಭೆ ಸಾಲದೆಂದು ಪ್ರವೇಶ ನಿರಾಕರಿಸಿದ್ದುದು ಇದೇ ತರುಣನಿಗೆ. ಕಲೆಯ ಪಂಡಿತರು ಒಲ್ಲೆನೆಂದ ಗೆರೆಯನ್ನು ನಾಡಿಮಿಡಿತ ಬಲ್ಲ ವೈದ್ಯರು ಒಪ್ಪಿಕೊಂಡರು. ಮುಂದೆ ಲಕ್ಷ್ಮಣ್ ಅವರ 'ಶ್ರೀಸಾಮಾನ್ಯ'ನನ್ನು ದೇಶವೆಲ್ಲ ಗುರುತಿಸಿತು.

ಬರಹದಲ್ಲಿಯೂ ಹೀಗೆಯೇ. ನಾ. ಕಸ್ತೂರಿಯವರು ಪದಗಳಿಗೆ ತಿರುಚಿದ ಅರ್ಥಗಳನ್ನು ಕೊಟ್ಟು ನಿಘಂಟುಗಳನ್ನೇ ಅಣಕಿಸಿದರು. ಟಿ. ಸುನಂದಮ್ಮನವರು ಸಂಸಾರದ ಪೇಚಾಟಗಳನ್ನು ಬರೆದರು. ಹಾಸ್ಯ ಗಂಡಸರ ಸೊತ್ತೆಂದು ಭಾವಿಸಿದ್ದವರು ನಗುತ್ತಲೇ ತಮ್ಮ ಅಭಿಪ್ರಾಯ ತಿದ್ದಿಕೊಳ್ಳಬೇಕಾಯಿತು.

ಇಪ್ಪತ್ತೈದು ವರ್ಷ ನಡೆದ 'ಕೊರವಂಜಿ' 1967ರಲ್ಲಿ ನಿಂತಿತು. ರಾಶಿಯವರ ಲೇಖನಿ ನಿಲ್ಲಲಿಲ್ಲ. ಮನಶ್ಶಾಸ್ತ್ರವನ್ನು ಕನ್ನಡಿಗರಿಗೆ ತಿಳಿಯಹೇಳಿದ ಅವರ 'ಮನಮಂಥನ' ಗ್ರಂಥಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. 1983ರಲ್ಲಿ 'ಅಪರಂಜಿ' ಎಂಬ ಹೊಸ ಹಾಸ್ಯಪತ್ರಿಕೆ ಬೆಂಗಳೂರಿನಿಂದ ಹೊರಟು, ನಿಂತುಹೋಗಿದ್ದ ಕಣಿಯನ್ನು ಮುಂದುವರಿಸಿತು. ಅದನ್ನು ಕಣ್ಣಾರೆ ಕಂಡು, 1984ರ ಜನವರಿಯಲ್ಲಿ ರಾಶಿಯವರು ತೀರಿಕೊಂಡರು.