ಕಂಠೀರವ ನರಸರಾಜ ಒಡೆಯರೂ ನಾಡಿನ ಮಲ್ಲವಿದ್ಯೆಯೂ

ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಧರ್ಮಲಿಪಿಯಿರುವುದನ್ನು ವಾಚಕರು ಬಲ್ಲರು. 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಆ ಶಾಸನದ ಉಪದೇಶಗಳಲ್ಲಿ ಎರಡು ಇಲ್ಲಿ ಸ್ಮರಣೀಯವಾಗಿವೆ. ಶ್ರೇಯಸ್ಸು ದೊಡ್ಡವರಿಗೆ ಮಾತ್ರ ಮೀಸಲಾದುದಲ್ಲ, ಪರಾಕ್ರಮದಿಂದ, ಎಂದರೆ ಎಡೆಬಿಡದ ಪ್ರಯತ್ನದಿಂದ, ಚಿಕ್ಕವನೂ ಅದನ್ನು ಪಡೆಯಬಲ್ಲನೆಂಬುದು ಒಂದು. ಶಿಷ್ಯನು ಗುರುವನ್ನು ಗೌರವಿಸತಕ್ಕದ್ದೆಂಬುದು ಇನ್ನೊಂದು. ಯುದ್ಧವನ್ನು ತೊರೆದ ಅರಸನ ಈ ಉಪದೇಶಗಳು ನಮ್ಮ ಗರಡಿಮನೆಗಳ ಧರ್ಮಕ್ಕೆ ಎಷ್ಟು ಸಮೀಪವಾಗಿವೆ! ಬಲವನ್ನು ಆರಾಧಿಸಿಯೂ ಅದನ್ನು ನಿಯಮಕ್ಕೆ ಒಳಪಡಿಸುವುದು ಹೇಗೆಂಬ ಪ್ರಶ್ನೆಗೆ ಉತ್ತರವನ್ನು ಹುಡುಕುವವರು ಮೈಸೂರಿನ ರಣಧೀರ ಕಂಠೀರವ ನರಸರಾಜ ಒಡೆಯರ ಚರಿತ್ರೆಯನ್ನು ಪರಿಶೀಲಿಸಬೇಕು.

ಮಲ್ಲವಿದ್ಯೆಯನ್ನು ಮೈಸೂರಿನ ಅರಸರು ಹೊಸದಾಗಿ ನಿರ್ಮಿಸಿದವರಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲರ ತರಗತಿಗಳು, ಅವರ ಆಹಾರ, ಅಭ್ಯಾಸ ಇವುಗಳೆಲ್ಲವೂ ವಿವರವಾಗಿ ಬಂದಿವೆ. ವಿಜಯನಗರದ ಮಹಾನವಮಿಯಲ್ಲಿ ಮಲ್ಲರು ಕಾದಾಡುತ್ತಿದ್ದುದನ್ನು 1520ರ ಸುಮಾರಿಗೆ ಪೋರ್ಚುಗೀಸ್ ಪ್ರವಾಸಿ ಪಾಯಸ್ ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಆ ಸಾಮ್ರಾಜ್ಯವು ಕ್ಷೀಣಿಸಿದ ಮೇಲೆ, 1610ರಲ್ಲಿ ಶ್ರೀರಂಗಪಟ್ಟಣವನ್ನು ಕೈವಶ ಮಾಡಿಕೊಂಡ ರಾಜ ಒಡೆಯರು ಮಹಾನವಮಿಯ ಉತ್ಸವವನ್ನು ಅಲ್ಲಿ ನೆಲೆಗೊಳಿಸಿದರು. ಉತ್ಸವದೊಡನೆ ಕುಸ್ತಿಯ ಕಣವೂ ಕಾವೇರಿಯ ತೀರಕ್ಕೆ ಬಂದಿತು.

ಕಂಠೀರವ ನರಸರಾಜರು ಹುಟ್ಟಿದುದು 1615ರಲ್ಲಿ. ರಾಜ ಒಡೆಯರ ಸಹೋದರ ಬೆಟ್ಟದ ಚಾಮರಾಜ ಒಡೆಯರು ಇವರ ತಂದೆ. ಇವರು ಯೌವನವನ್ನು ಕಳೆದುದು ಪಟ್ಟಣದ ವೈಭವದಿಂದ ದೂರವಾದ ತೆರಕಣಾಂಬಿಯಲ್ಲಿ. ಆ ದಿನಗಳಲ್ಲಿ ತಿರುಚಿನಾಪಳ್ಳಿಯ ಮಲ್ಲನೊಬ್ಬನು ಎದುರಾಳಿಗಳಿಲ್ಲವೆಂದು ಮೆರೆಯುತ್ತಿದ್ದನೆಂದೂ, ನರಸರಾಜರು ವೇಷವನ್ನು ಮರೆಸಿಕೊಂಡು ಅಲ್ಲಿಗೆ ಹೋಗಿ ಅವನನ್ನು ಸೋಲಿಸಿ, ಸನ್ಮಾನಕ್ಕೆ ಕಾಯದೆ ಹಿಂದಿರುಗಿದರೆಂದೂ ಐತಿಹ್ಯವಿದೆ. ಕಥೆಯಲ್ಲಿ ಕಾಲಕ್ರಮದಿಂದ ಎಷ್ಟು ಸೇರಿದ್ದರೂ ಸೇರಿರಲಿ. ಅರಸುಮಗನು ಹೆಸರನ್ನೂ ಪರಿವಾರವನ್ನೂ ಬಿಟ್ಟು ಕಣಕ್ಕೆ ಇಳಿದನೆಂಬುದನ್ನೇ ಜನರು ಮೂರು ಶತಮಾನಗಳಿಗೂ ಮೀರಿ ನೆನಪಿಟ್ಟುಕೊಂಡಿದ್ದಾರೆ. ಗರಡಿಯ ಮಣ್ಣಿನಲ್ಲಿ ದೊರೆಯೆಂದೂ ಬಡವನೆಂದೂ ಭೇದವಿಲ್ಲ.

1638ರಲ್ಲಿ ಇಮ್ಮಡಿ ರಾಜ ಒಡೆಯರು ದಳವಾಯಿ ವಿಕ್ರಮರಾಯನ ವಿಷಪ್ರಯೋಗಕ್ಕೆ ಬಲಿಯಾದಾಗ ರಾಜ್ಯಭಾರವು ನರಸರಾಜರ ಹೆಗಲಿಗೆ ಬಂದಿತು. ಅವರು ದ್ರೋಹಿಯಾದ ದಳವಾಯಿಯನ್ನು ಕೊಲ್ಲಿಸಿದರು. ಪಟ್ಟವೇರಿದ ಕೆಲವೇ ತಿಂಗಳಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾಖಾನನು ಶ್ರೀರಂಗಪಟ್ಟಣವನ್ನು ಮುತ್ತಿದಾಗ ಅವನನ್ನು ಹಿಮ್ಮೆಟ್ಟಿಸಿದರು. ಇವರು ಟಂಕಿಸಿದ ಕಂಠೀರಾಯಿ ಹಣವು ಇವರ ಕಾಲಾನಂತರವೂ ಬಹುಕಾಲ ಮೈಸೂರು ಸೀಮೆಯ ಲೆಕ್ಕಪತ್ರಗಳಲ್ಲಿ ಉಳಿಯಿತು. ಗೋವಿಂದವೈದ್ಯನು 1648ರಲ್ಲಿ ರಚಿಸಿದ ಸಾಂಗತ್ಯಕಾವ್ಯವು ಇವರ ವಿಜಯಗಳೊಡನೆ ನವರಾತ್ರಿಯ ಸಂಭ್ರಮವನ್ನೂ ವರ್ಣಿಸುತ್ತದೆ. ಅರಸರೇ ಮಲ್ಲರಾಗಿದ್ದುದರಿಂದ ಜಟ್ಟಿಗಳಿಗೆ ಆಸ್ಥಾನದಲ್ಲಿ ಮನ್ನಣೆ ದೊರೆತುದು ಸಹಜವೇ ಸರಿ.

ಆದರೆ ಚರಿತ್ರೆಯು ಕೇವಲ ಸ್ತುತಿಪಾಠವಾಗಬಾರದು. ನರಸರಾಜರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಮೈಸೂರಿನ ದಂಡು ಮಧುರೆಯ ರಾಜ್ಯಕ್ಕೆ ನುಗ್ಗಿ, ಸಿಕ್ಕಿದವರ ಮೂಗುಗಳನ್ನು ಕೊಯ್ಯುವ ಕ್ರೌರ್ಯವನ್ನು ನಡೆಸಿತು. ಆ ಕಾಲದ ಜೆಸ್ಯೂಯಿಟ್ ಪಾದ್ರಿಗಳ ಪತ್ರಗಳು ಇದನ್ನು ದಾಖಲಿಸಿವೆ. ಕಣದಲ್ಲಿ ಸೋತವನ ಮೈಮೇಲೆ ಮತ್ತೆ ಕೈಮಾಡುವುದು ಅಪರಾಧ; ರಣದಲ್ಲಿ ಅದೇ ನಿಯಮವನ್ನು ಪಾಲಿಸುವ ಸಂಯಮವು ಆ ದಂಡಿಗಿರಲಿಲ್ಲ. 1659ರಲ್ಲಿ ಒಡೆಯರು ಕಾಲವಾದರು. ಅವರ ಶೌರ್ಯವನ್ನು ಕೊಂಡಾಡುವ ನಾವು ಈ ಕಳಂಕವನ್ನು ಮುಚ್ಚಿಡಬೇಕಾಗಿಲ್ಲ. ತೋಳಿನ ಬಲಕ್ಕೂ ಕಲೆಗೂ ಇರುವ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ಬೋಧಿಸುವ ಪಾಠವು ಬೇರೊಂದಿಲ್ಲ.

ಆ ಅಂತರವನ್ನು ಕಾಪಾಡಿಕೊಂಡು ಬಂದವರು ಜಟ್ಟಿಗಳು. ವಿಜಯದಶಮಿಯ ದಿನ ಮೈಸೂರು ಅರಮನೆಯ ಅಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವನ್ನು ನೋಡಿದವರಿಗೆ ಇದು ತಿಳಿದಿದೆ. ತಲೆ ಬೋಳಿಸಿಕೊಂಡ ಜಟ್ಟಿಗಳು ಬೆರಳುಗಳಿಗೆ ಮೊನಚಾದ ಮುಷ್ಟ್ಯಾಯುಧವನ್ನು ಧರಿಸಿ ಎದುರಾಗುತ್ತಾರೆ. ಒಬ್ಬನ ತಲೆಯಿಂದ ಒಂದು ಹನಿ ನೆತ್ತರು ಚಿಮ್ಮಿದೊಡನೆಯೇ ಕಾಳಗವು ಮುಗಿಯುತ್ತದೆ. ಹೊಡೆಯುವುದನ್ನು ಕಲಿಯುವುದಕ್ಕಿಂತ ನಿಲ್ಲಿಸುವುದನ್ನು ಕಲಿಯುವುದು ಕಠಿನ. ಅದನ್ನು ಮಗನಿಗೆ ತಂದೆಯೂ ಶಿಷ್ಯನಿಗೆ ಗುರುವೂ ಕಲಿಸುತ್ತ ಬಂದುದರಿಂದಲೇ ಈ ವಿದ್ಯೆಯು ಹೊಡೆದಾಟವಾಗದೆ ಉಳಿಯಿತು.

ಒಡೆಯರ ವಂಶದ ಆಶ್ರಯವು ಕುಸ್ತಿಗಷ್ಟೇ ಸೀಮಿತವಾಗಿರಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯಲ್ಲಿ 122 ಆಸನಗಳ ಚಿತ್ರಗಳಿದ್ದು, ಅವುಗಳಲ್ಲಿ ಕೆಲವಕ್ಕೆ ಗರಡಿಯ ಸಾಮಿನೊಡನೆ ಸಂಬಂಧವುಂಟೆಂದು ಸಂಶೋಧಕರು ಅಭಿಪ್ರಾಯಪಟ್ಟಿದ್ದಾರೆ. ನಾಲ್ವಡಿ ಕೃಷ್ಣರಾಜ ಒಡೆಯರ ಪೋಷಣೆಯಿಂದ 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರ ಯೋಗಶಾಲೆಯು ಆರಂಭವಾಯಿತು. ಅವರ ಶಿಷ್ಯರಾದ ಬಿ. ಕೆ. ಎಸ್. ಅಯ್ಯಂಗಾರ್ ಮತ್ತು ಕೆ. ಪಟ್ಟಾಭಿ ಜೋಯಿಸರು ಯೋಗವಿದ್ಯೆಯನ್ನು ಸಮುದ್ರದಾಚೆಗೂ ಕೊಂಡೊಯ್ದರು. ಒಂದು ಮನೆತನದ ಆಸಕ್ತಿಯು ತಲೆಮಾರುಗಳವರೆಗೆ ಮುಂದುವರಿದರೆ ಅದರ ಫಲವು ಎಲ್ಲಿಯವರೆಗೆ ಮುಟ್ಟುವುದೆಂಬುದಕ್ಕೆ ಇದು ನಿದರ್ಶನ.

ಆದರೆ ಅರಸೊತ್ತಿಗೆಗಳ ಕಾಲ ಮುಗಿಯಿತು. 1971ರಲ್ಲಿ ರಾಜಧನವೂ ರದ್ದಾಯಿತು. ಯೋಗವು ಜಗತ್ತಿನ ಆದರವನ್ನು ಸಂಪಾದಿಸಿಕೊಂಡಿತು. ಗರಡಿಗೆ ಆ ಭಾಗ್ಯವಿಲ್ಲ. ದಸರೆಯಲ್ಲಿ ಒಂದು ವಾರ ಕುಸ್ತಿಯನ್ನು ನೋಡಿ ಚಪ್ಪಾಳೆ ತಟ್ಟುವ ನಾವು, ಉಳಿದ ದಿನಗಳಲ್ಲಿ ಪೈಲ್ವಾನನ ಆಹಾರದ ವೆಚ್ಚವನ್ನು ಯಾರು ಭರಿಸುವರೆಂದು ವಿಚಾರಿಸುವುದಿಲ್ಲ. ಒಂದು ಮನೆತನವು ಹೊತ್ತ ಹೊರೆಯು ಈಗ ಪ್ರಜೆಗಳದು, ಎಂದರೆ ಪುರಸಭೆಗಳದು, ಪಂಚಾಯಿತಿಗಳದು, ಶಾಲೆಗಳದು. ಊರಿಗೊಂದು ಗರಡಿ, ಅದಕ್ಕೊಬ್ಬ ಉಸ್ತಾದ್, ಅವನಿಗೊಂದು ಗೌರವಧನ, ಇವು ಅಸಾಧ್ಯವಾದ ಬೇಡಿಕೆಗಳಲ್ಲ. ಚಿಕ್ಕವರೂ ದೊಡ್ಡವರೂ ಪ್ರಯತ್ನಿಸಲೆಂಬ ಅಪ್ಪಣೆಯನ್ನು ಸಿದ್ದಾಪುರದ ಬಂಡೆಯು ಎರಡು ಸಾವಿರ ವರ್ಷಗಳಿಂದಲೂ ಹೊತ್ತು ನಿಂತಿದೆ. ಅದನ್ನು ಪಾಲಿಸುವ ಸರದಿ ಈಗ ನಮ್ಮದು.