ದಿವಂಗತ ಎಲ್. ವೈದ್ಯನಾಥನ್ (1942–2007)

‘ಮಾಲ್ಗುಡಿ ಡೇಸ್’ ಧಾರಾವಾಹಿಯ ಶೀರ್ಷಿಕೆ ಸಂಗೀತವನ್ನು ಗುನುಗದ ನಾಗರಿಕರು ವಿರಳ. ಅದರ ಸಂಯೋಜಕರ ಹೆಸರನ್ನು ಬಲ್ಲವರೂ ಅಷ್ಟೇ ವಿರಳವೆಂಬುದು ವಿಷಾದನೀಯ. ಸದರಿ ಸಂಗೀತದ ಕರ್ತೃ ಶ್ರೀ ಎಲ್. ವೈದ್ಯನಾಥನ್ ರವರು.

1942ರಲ್ಲಿ ಜನಿಸಿದ ಶ್ರೀಯುತರು, ಪಿಟೀಲು ವಿದ್ವಾಂಸರಾಗಿದ್ದ ತಂದೆ ಶ್ರೀ ವಿ. ಲಕ್ಷ್ಮೀನಾರಾಯಣ ರವರಲ್ಲಿ ಸಂಗೀತಾಭ್ಯಾಸ ಮಾಡಿದರು. ವಿಶ್ವವಿಖ್ಯಾತ ಪಿಟೀಲು ವಾದಕರಾದ ಶ್ರೀ ಎಲ್. ಸುಬ್ರಹ್ಮಣ್ಯಂ ಹಾಗೂ ಶ್ರೀ ಎಲ್. ಶಂಕರ್ ಇವರ ಕಿರಿಯ ಸಹೋದರರು. ಚಿತ್ರರಂಗದಲ್ಲಿ ಶ್ರೀ ಜಿ.ಕೆ. ವೆಂಕಟೇಶ್ ರವರಿಗೆ ಸಹಾಯಕರಾಗಿದ್ದು, ತರುವಾಯ ‘ಅಪರಿಚಿತ’ (1978) ಮೊದಲಾದ ಕನ್ನಡ ಚಿತ್ರಗಳಿಗೆ ಸ್ವತಂತ್ರವಾಗಿ ಸಂಗೀತ ನೀಡಿದರು.

ಶ್ರೀ ಆರ್.ಕೆ. ನಾರಾಯಣ್ ರವರ ಕಥೆಗಳನ್ನಾಧರಿಸಿ ಶ್ರೀ ಶಂಕರ್‌ನಾಗ್ ರವರು ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’, ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ ಚಿತ್ರೀಕರಣಗೊಂಡು 1980ರ ದಶಕದಲ್ಲಿ ದೂರದರ್ಶನದಲ್ಲಿ ಹಿಂದಿಯಲ್ಲಿ ಪ್ರಸಾರವಾಯಿತು. ಹಿಂದಿ ಅರಿಯದ ಮನೆಗಳ ಮಕ್ಕಳೂ ಹಿರಿಯರೂ ಆ ಸಂಗೀತ ಕೇಳಿದೊಡನೆ ದೂರದರ್ಶನದ ಮುಂದೆ ಬಂದು ಕೂಡುತ್ತಿದ್ದರು. ಅದರಲ್ಲಿ ಅರ್ಥವುಳ್ಳ ಒಂದು ಪದವೂ ಇರಲಿಲ್ಲ, ಇದ್ದುದು ಕಂಠದಿಂದ ಹೊಮ್ಮುವ ಬರಿಯ ಸ್ವರಾಕ್ಷರಗಳು. ಆದ್ದರಿಂದಲೇ ಅದು ಯಾವೊಂದು ಭಾಷೆಯ ಸ್ವತ್ತೂ ಆಗಲಿಲ್ಲ. ಸಂಭಾಷಣೆಯೇ ಇಲ್ಲದ ‘ಪುಷ್ಪಕ ವಿಮಾನ’ (1987) ಚಿತ್ರಕ್ಕೂ ಇವರದೇ ಸಂಗೀತ. ಮಾತಿಲ್ಲದೆಡೆ ಇವರ ಪ್ರತಿಭೆ ಹೆಚ್ಚು ಬೆಳಗಿತೆನ್ನಬಹುದು.

ಶ್ರೀಯುತರೊಡನೆ ‘ಒಂದು ಮುತ್ತಿನ ಕಥೆ’ ಚಿತ್ರದಲ್ಲಿಯೂ ಕೈಜೋಡಿಸಿದ್ದ ಶ್ರೀ ಶಂಕರ್‌ನಾಗ್ ರವರು 1990ರಲ್ಲಿ ಅಕಾಲ ಮರಣಕ್ಕೀಡಾದರು. ಶ್ರೀ ವೈದ್ಯನಾಥನ್ ರವರು 2007ರಲ್ಲಿ ನಿಧನರಾದರು.